ಅಕ್ವೇರಿಯಂ ಗಿಡ: ಓದುಗರು ಕೇಳಿದ್ದು

ಪ್ರಶ್ನೆ: ಎರಡಡಿ ತೊಟ್ಟಿಯಲ್ಲಿ ಕ್ರಿಪ್ಟೊಕೊರಿನ್, ಅನುಬಿಯಾಸ್ ನೆಟ್ಟಿದ್ದೆ. ವಾರದೊಳಗೆ ಕ್ರಿಪ್ಟೊಕೊರಿನ್ ಎಲೆಗಳು ಲೋಳೆಯಾಗಿ ಕರಗಿದವು. ಅನುಬಿಯಾಸ್ ಎಲೆಗಳು ಬುಡದಿಂದ ಕಳಚಿ ತೇಲುತ್ತಿವೆ. ಎರಡನ್ನೂ ಕಿತ್ತೆಸೆಯಲೇ?

ಉತ್ತರ: ಬೇಡ. ಆದರೆ ಒಂದೊಂದರ ಕಾರಣವೂ ಬೇರೆ, ಮದ್ದೂ ಬೇರೆ.

ನರ್ಸರಿಗಳಲ್ಲಿ ಕ್ರಿಪ್ಟೊಕೊರಿನ್ ಅನ್ನು ಹೆಚ್ಚಾಗಿ ಬೇರು ಮಾತ್ರ ತೇವದಲ್ಲಿಟ್ಟು, ಎಲೆಗಳನ್ನು ಗಾಳಿಗೆ ಬಿಟ್ಟು ಬೆಳೆಸುತ್ತಾರೆ. ಆ ಎಲೆಗಳು ನೀರೊಳಗೆ ಬಾಳುವುದಿಲ್ಲ. ಬೇರು ಬಿಳಿಯಾಗಿ, ಗಟ್ಟಿಯಾಗಿದ್ದರೆ ಗಿಡಕ್ಕೆ ಜೀವವಿದೆ. ಕರಗಿದ ಎಲೆಗಳನ್ನು ಬುಡಕ್ಕೆ ಕತ್ತರಿಸಿ ಹೊರಗೆ ತೆಗೆಯಿರಿ. ಹಾಗೇ ಬಿಟ್ಟರೆ ಕೊಳೆತು ಅಮೋನಿಯಾ ಬಿಡುತ್ತವೆ. ಮೂರ್ನಾಲ್ಕು ವಾರದಲ್ಲಿ ಹೊಸ ಚಿಗುರು ಕಾಣಬೇಕು. ಅಷ್ಟರಲ್ಲಿ ಜಾಗ ಸರಿಯಿಲ್ಲವೆಂದು ಕಿತ್ತು ಬೇರೆಡೆ ನೆಟ್ಟಿರೋ, ಮತ್ತೆ ಮೊದಲಿನಿಂದ ಕರಗಲು ಶುರು.

ಅನುಬಿಯಾಸ್‌ನದು ನೆಟ್ಟ ರೀತಿಯ ತಪ್ಪಿರಬೇಕು. ಅದರ ದಪ್ಪನೆಯ ಅಡ್ಡಕಾಂಡ, ಅಂದರೆ ರೈಜೋಮ್, ಮರಳಿನಡಿ ಹೂತರೆ ಕೊಳೆಯುತ್ತದೆ. ಮೇಲೆತ್ತಿ ಒತ್ತಿ ನೋಡಿ. ಮೆತ್ತಗಾಗಿ ನಾರುವ ಭಾಗವನ್ನು ಚೂಪಾದ ಬ್ಲೇಡಿನಿಂದ, ಒಳಗೆ ಗಟ್ಟಿ ಹಸಿರು ಕಾಣುವವರೆಗೆ ಕತ್ತರಿಸಿ. ಉಳಿದ ತುಂಡನ್ನು ಕಲ್ಲಿಗೋ ಮರದ ಕೊರಡಿಗೋ ಹತ್ತಿಯ ದಾರದಿಂದ ಕಟ್ಟಿ. ಸೈನೊಅಕ್ರಿಲೇಟ್ ಜೆಲ್ ಅಂಟು, ಅಂದರೆ ಸೂಪರ್ ಗ್ಲೂ ಜೆಲ್, ಒಂದು ಹನಿಯಾದರೂ ಸಾಕು. ಜಾವಾ ಫರ್ನ್‌ಗೂ ಇದೇ ನಿಯಮ.

ಪ್ರಶ್ನೆ: ಕಾಂಡದ ಗಿಡಗಳು ನೆಟ್ಟ ಮರುದಿನವೇ ಎದ್ದು ತೇಲುತ್ತವೆ. ಏನು ಮಾಡಲಿ?

ಉತ್ತರ: ತಳದ ಮರಳು 5ರಿಂದ 7 ಸೆಂ.ಮೀ. ದಪ್ಪವಿದೆಯೇ ನೋಡಿ. ಕಾಂಡದ ಕೆಳಗಿನ 3–4 ಸೆಂ.ಮೀ. ಎಲೆ ಬಿಡಿಸಿ, ಉದ್ದ ಚಿಮಟದಿಂದ ತುಸು ಓರೆಯಾಗಿ ಚುಚ್ಚಿ, ಚಿಮಟವನ್ನು ಅಲುಗಿಸುತ್ತ ಹೊರಗೆಳೆಯಿರಿ. ಕಟ್ಟುಕಟ್ಟಾಗಿ ನೆಡಬೇಡಿ, ನಡುವಿನ ಕಾಂಡಗಳಿಗೆ ಬೆಳಕು ಸಿಗದೆ ಬುಡ ಕೊಳೆಯುತ್ತದೆ, ಆಗ ಎಲ್ಲವೂ ಮೇಲೇಳುತ್ತವೆ.

ಪ್ರಶ್ನೆ: ದಿನಕ್ಕೆ 11 ಗಂಟೆ ದೀಪ ಉರಿಸುತ್ತೇನೆ. ಕಾರ್ಬನ್ ಡೈಆಕ್ಸೈಡ್ ಕೊಡುತ್ತಿಲ್ಲ. ಎಲೆಗಳಲ್ಲಿ ಪಾಚಿ, ಹಳೆಯ ಎಲೆಗಳಲ್ಲಿ ಸಣ್ಣ ತೂತು. ಬೆಳಕು ಹೆಚ್ಚಿಸಲೇ?

ಉತ್ತರ: ಕಡಿಮೆ ಮಾಡಿ. ಇಂಗಾಲ, ಪೋಷಕಾಂಶ ಸಾಲದ ಗಿಡಕ್ಕೆ ಹೆಚ್ಚಿನ ಬೆಳಕು ಸುರಿದರೆ ಲಾಭ ಪಾಚಿಗೇ. ಟೈಮರ್ ಹಾಕಿ 6 ಗಂಟೆಗೆ ಇಳಿಸಿ. ಪಾಚಿ ಹತೋಟಿಗೆ ಬಂದ ಮೇಲೆ ವಾರಕ್ಕೆ ಅರ್ಧ ಗಂಟೆಯಂತೆ 8ರವರೆಗೆ ಏರಿಸಬಹುದು. ಹಳೆಯ ಎಲೆಗಳ ತೂತಿಗೆ ಸಾಮಾನ್ಯವಾಗಿ ಪೊಟ್ಯಾಸಿಯಂ ಕೊರತೆ ಕಾರಣ. ಹೊಸ ಎಲೆ ಬಿಳಿಚಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಕೊರತೆ. ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕದ್ದು. ಗಿಡಕ್ಕೆ ಸಾರಜನಕ ಒದಗಿಸುವ ನೈಟ್ರೇಟನ್ನು ಸೊನ್ನೆಗಿಳಿಸುವುದೇ ಶುಚಿತ್ವ ಎಂಬ ಹಟ ಗಿಡದ ತೊಟ್ಟಿಗೆ ಸಲ್ಲದು. ಲೀಟರಿಗೆ 10–20 ಮಿ.ಗ್ರಾಂ. ಇರಲಿ. ಎಲ್ಲ ಪೋಷಕಾಂಶಗಳಿರುವ ದ್ರವಗೊಬ್ಬರವನ್ನು ಡಬ್ಬಿಯ ಮೇಲಿನ ಅಳತೆಯ ಅರ್ಧದಿಂದ ಶುರುಮಾಡಿ, ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿ. ತೂತುಬಿದ್ದ ಎಲೆ ಮತ್ತೆ ಸರಿಹೋಗುವುದಿಲ್ಲ, ಹೊಸ ಎಲೆ ನೋಡಿಯೇ ಫಲ ಅಳೆಯಬೇಕು.