ಈಜು ಬರುತ್ತೆ ಸರಿ, ಮುಖ ಮುಳುಗಿಸಿ ಉಸಿರಾಡೋಕೆ ಬರುತ್ತಾ?

ತುಮಕೂರಿಗೆ ಸಮುದ್ರ ದೂರ. ಆದರೂ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈಗ ಒಂದೇ ಪ್ರವಾಸದ ಬಗ್ಗೆ. ಫಿಲಿಪ್ಪೀನ್ಸ್‌ನ ಸೆಬು ದ್ವೀಪದಲ್ಲಿ ಬೆಳಗ್ಗೆ ಸಮುದ್ರದ ಮೀನು, ಆಮೆ ನೋಡುತ್ತಾ ಸ್ನಾರ್ಕೆಲಿಂಗ್ (ಮುಖ ನೀರಲ್ಲಿಟ್ಟು ಕೊಳವೆಯಲ್ಲಿ ಉಸಿರಾಡುತ್ತಾ ತೇಲೋದು), ಮಧ್ಯಾಹ್ನ ಕವಾಸಾನ್ ಜಲಪಾತದ ಕಮರಿಯೊಳಗೆ ಇಳಿಯೋದು, ಹಾರೋದು, ತೇಲೋದು. ಈ ಎರಡನೆಯದಕ್ಕೆ ಅಲ್ಲಿ ಕ್ಯಾನಿಯನಿಯರಿಂಗ್ ಅಂತಾರೆ. ಎರಡೂ ಒಂದೇ ದಿನ, ಜೊತೆಗೆ ಒಬ್ಬ ಗೈಡ್. ನಾನು ಹಗ್ಗ ಮತ್ತು ನೀರು ಎರಡರಲ್ಲೂ ತರಬೇತಿ ಕೊಡುವವನು. ನಮ್ಮ ಕಡೆಯವರನ್ನು ಅಲ್ಲಿಗೆ ಹಲವು ಸಲ ಕರೆದುಕೊಂಡು ಹೋಗಿದ್ದೇನೆ. ವಿಮಾನ, ಹೋಟೆಲ್, ದುಡ್ಡಿನ ಲೆಕ್ಕ ಟ್ರಾವೆಲ್ಸ್‌ನವರನ್ನು ಕೇಳಿ. ಜೀವಕ್ಕೆ ಸಂಬಂಧಪಟ್ಟ ಪ್ರಶ್ನೆಗಳನ್ನು ಮಾತ್ರ ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನಗೆ ಚೆನ್ನಾಗಿ ಈಜು ಬರುತ್ತೆ, ಚಿಕ್ಕಂದಿನಲ್ಲಿ ಬಾವಿಯಲ್ಲೇ ಕಲಿತಿದ್ದು. ಹೆಂಡತಿಗೆ ಬರಲ್ಲ. ಲೈಫ್ ಜಾಕೆಟ್ ಕೊಡ್ತಾರಂತೆ. ಇಬ್ಬರೂ ಒಂದೇ ದಿನ ಎರಡನ್ನೂ ಮಾಡಬಹುದಾ? (ಕೊರಟಗೆರೆಯ ಒಬ್ಬ ಶಿಕ್ಷಕರು)

ಈ ಪ್ರಶ್ನೆ ಕೇಳದ ವಾರವೇ ಇಲ್ಲ. ಕೇಳುವವರೆಲ್ಲ ಹೆಂಡತಿ ಬಗ್ಗೆ ಚಿಂತೆ ಮಾಡುತ್ತಾರೆ. ನನಗೆ ಚಿಂತೆ ನಿಮ್ಮ ಬಗ್ಗೆ, ಮೇಷ್ಟ್ರೇ.

ಬಾವಿಯ ಈಜು ನನಗೂ ಗೊತ್ತು. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ತಳ್ಳುತ್ತಿದ್ದರು. ಕೈಕಾಲು ಬಡಿದು ಕಲಿತೆವು. ಆದರೆ ನಾವೆಲ್ಲ ಕಲಿತಿದ್ದು ತಲೆ ಎತ್ತಿಕೊಂಡು ಈಜೋದನ್ನು. ಬಾವಿಯಲ್ಲಿ ನಾಲ್ಕು ಸಲ ಕೈ ಬೀಸಿದರೆ ಮೆಟ್ಟಿಲು ಸಿಗುತ್ತದೆ. ನೀರೊಳಗೆ ಏನಿದೆ ಅಂತ ಕಾಣೋದೂ ಇಲ್ಲ. ಸ್ನಾರ್ಕೆಲಿಂಗ್‌ನಲ್ಲಿ ಮೂರೂ ಉಲ್ಟಾ. ಮುಖ ನೀರಲ್ಲೇ ಇರಬೇಕು, ಕಣ್ಣು ಮೂಗು ಎರಡನ್ನೂ ಮುಚ್ಚುವ ಕನ್ನಡಕ, ಅಂದರೆ ಮಾಸ್ಕ್, ಹಾಕಿರುತ್ತೀರಿ, ಬಾಯಲ್ಲಿ ಕೊಳವೆ ಕಚ್ಚಿಕೊಂಡು ಉಸಿರಾಡಬೇಕು. ಹಿಡಿಯೋಕೆ ಮೆಟ್ಟಿಲಿಲ್ಲ. ಮತ್ತೆ ಕೆಳಗಿನದೆಲ್ಲ ನಿಚ್ಚಳವಾಗಿ ಕಾಣುತ್ತದೆ.

ಸೆಬುವಿನ ಮೊವಾಲ್ಬೋಲ್ ಅನ್ನೋ ಊರಲ್ಲಿ ದಡಕ್ಕೆ ತೀರಾ ಹತ್ತಿರದಲ್ಲೇ ಲಕ್ಷಗಟ್ಟಲೆ ಸಾರ್ಡೀನ್ ಮೀನುಗಳ ಹಿಂಡು ವರ್ಷವಿಡೀ ಸುತ್ತುತ್ತಿರುತ್ತದೆ. ನಮ್ಮ ಕರಾವಳಿಯ ಬೂತಾಯಿಯ ಬಳಗದವು. ದಡದಿಂದ ಸ್ವಲ್ಪ ದೂರ ಸೊಂಟದಷ್ಟು ನೀರು, ಹವಳದ ಬಂಡೆ. ಆಮೇಲೆ ಆ ಬಂಡೆ ಗೋಡೆ ಕಡಿದ ಹಾಗೆ ನಿಂತುಬಿಡುತ್ತದೆ. ಅದರಾಚೆ ತಳವೇ ಕಾಣದ ಕಡುನೀಲಿ. ಒಂದು ಸಲ ಮಧುಗಿರಿ ಕಡೆಯ ಒಬ್ಬರು ನನ್ನ ಪಕ್ಕದಲ್ಲೇ ತೇಲುತ್ತಿದ್ದರು. ಗಟ್ಟಿಮುಟ್ಟಾದ ಆಳು, ಮಳೆಗಾಲದಲ್ಲಿ ಕೆರೆಯ ಈ ದಡದಿಂದ ಆ ದಡಕ್ಕೆ ಈಜುವವರು. ಗೋಡೆಯ ಅಂಚು ದಾಟಿದ ಕೂಡಲೇ ಅವರ ಕಾಲು ನಿಂತುಹೋಯಿತು. ಕೊಳವೆಯಿಂದ ಬರುವ ಉಸಿರಿನ ಸದ್ದು ನಾಯಿ ಏದುಸಿರು ಬಿಟ್ಟಂತಾಯಿತು. ಮರುಕ್ಷಣ ಮಾಸ್ಕ್ ಕಿತ್ತೆಸೆದರು, ಕೊಳವೆ ಬಾಯಲ್ಲಿದ್ದ ಹಾಗೆಯೇ ತಲೆ ಹಿಂದಕ್ಕೆ ಎತ್ತಿದರು, ಕೊಳವೆಯ ತುದಿ ನೀರಿಗಿಳಿದು ಉಪ್ಪುನೀರು ನೇರ ಗಂಟಲಿಗೆ ಹೋಯಿತು. ಲೈಫ್ ಜಾಕೆಟ್ ಹಾಕಿಕೊಂಡಿದ್ದರು, ಮುಳುಗುವ ಮಾತೇ ಇರಲಿಲ್ಲ. ಆದರೂ ನನ್ನ ಕುತ್ತಿಗೆಯನ್ನೇ ಹಿಡಿದರು. ಅವರ ಬೆನ್ನ ಹಿಂದೆ ಹೋಗಿ ಜಾಕೆಟ್‌ನ ಪಟ್ಟಿ ಹಿಡಿದು, ಅಂಗಾತ ಮಲಗಿಸಿ ಎಳೆದುಕೊಂಡು ಬಂದೆ. ದಡಕ್ಕೆ ಬಂದ ಮೇಲೂ ಹತ್ತು ನಿಮಿಷ ಕೈ ನಡುಗುತ್ತಿತ್ತು. ಅದೇ ದಿನ, ಅದೇ ಜಾಗದಲ್ಲಿ, ಈಜೇ ಬರದ ಅವರ ತಂಗಿ ಅರ್ಧ ಗಂಟೆ ಮೀನು ನೋಡಿಕೊಂಡು ಬಂದರು. ಅವರು ಹೊರಡುವ ಮುಂಚೆ ಮೂರು ವಾರ ಅಭ್ಯಾಸ ಮಾಡಿದ್ದರು. ಅಣ್ಣ, ನನಗೆ ಬೇಕಿಲ್ಲ ಅಂದಿದ್ದರು.

ಆ ಅಭ್ಯಾಸಕ್ಕೆ ಒಂದು ಬಕೆಟ್ ಸಾಕು. ಮಾಸ್ಕ್ ಮತ್ತು ಸ್ನಾರ್ಕೆಲ್ ಕೊಳವೆ ಇಲ್ಲೇ ಕೊಳ್ಳಿ, ಅಲ್ಲಿ ಬಾಡಿಗೆಗೆ ಕೊಡೋದನ್ನು ನಂಬಬೇಡಿ. ಕೊಳ್ಳುವಾಗ ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಲ್ಲಿ ಸ್ವಲ್ಪ ಉಸಿರು ಎಳೆದುಕೊಂಡು ಕೈ ಬಿಡಿ. ಬೀಳದೆ ಅಂಟಿಕೊಂಡು ನಿಂತರೆ ಅದು ನಿಮ್ಮ ಮುಖದ ಅಳತೆ. ದಪ್ಪ ಮೀಸೆ ಇರುವವರಿಗೆ ಅಲ್ಲಿಂದಲೇ ನೀರು ಜಿನುಗುತ್ತದೆ. ಮೂಗಿನ ಕೆಳಗೆ ಒಂದು ಗೆರೆ ಮೀಸೆ ತೆಗೆಯಿರಿ, ಇಲ್ಲ ವ್ಯಾಸಲೀನ್ ಹಚ್ಚಿ. ಮನೆಯಲ್ಲಿ ಮಾಸ್ಕ್ ಹಾಕಿ, ಕೊಳವೆ ಕಚ್ಚಿ, ಬಕೆಟ್ ನೀರಿಗೆ ಮುಖ ಇಟ್ಟು ದಿನಾ ಹತ್ತು ನಿಮಿಷ ನಿಧಾನವಾಗಿ ಉಸಿರಾಡಿ. ಮೊದಲ ದಿನ ಎದೆ ಹೊಡೆದುಕೊಳ್ಳುತ್ತದೆ. ನಾಲ್ಕೈದು ದಿನಕ್ಕೆ ಸರಿಹೋಗುತ್ತದೆ. ಆಮೇಲೆ ಲೈಫ್‌ಗಾರ್ಡ್ ಇರುವ ಈಜುಕೊಳಕ್ಕೆ ಹೋಗಿ, ಮಾಸ್ಕ್‌ಗೆ ಬೇಕಂತಲೇ ನೀರು ಬಿಟ್ಟು, ಮೂಗಿಂದ ಊದಿ ಹೊರಹಾಕೋದನ್ನು ಕಲಿಯಿರಿ. ಕೊಳವೆಗೆ ನೀರು ಬಂದಾಗ ಫೂ ಅಂತ ಜೋರಾಗಿ ಊದೋದನ್ನೂ ಕಲಿಯಿರಿ. ಇಷ್ಟು ಬಂದರೆ ನಿಮ್ಮ ಮನೆಯವರನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ. ನೀವೂ ಇಷ್ಟನ್ನೇ ಮಾಡಬೇಕು.

ಲೈಫ್ ಜಾಕೆಟ್ ಹಾಕಿದ ಮೇಲೆ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆಯೋಕೆ ಯಾರಿಗಾದರೂ ಹೇಳಿ. ಗದ್ದಕ್ಕೆ ಬಂತು ಅಂದರೆ ಸಡಿಲ ಇದೆ. ಸಮುದ್ರದಲ್ಲಿ ಅದು ಮೇಲಕ್ಕೆ ಸರಿದು ಮುಖಕ್ಕೆ ಅಡ್ಡ ಬರುತ್ತದೆ, ಕಮರಿಯಲ್ಲಿ ಎತ್ತರದಿಂದ ಹಾರಿದಾಗ ಅದೇ ಜಾಕೆಟ್ ಗದ್ದಕ್ಕೆ ಗುದ್ದುತ್ತದೆ.

ಈಗ ಒಂದೇ ದಿನದ ವಿಷಯ. ಸೆಬು ನಗರದಿಂದ ಓಸ್ಲೋಬ್ ಅನ್ನೋ ಇನ್ನೊಂದು ಕರಾವಳಿ ಊರಿನ ಮೂಲಕ ಹೋಗುವ ಪ್ಯಾಕೇಜ್‌ಗಳಲ್ಲಿ ಬೆಳಗಿನ ಜಾವ ಮೂರು ನಾಲ್ಕು ಗಂಟೆಗೇ ವ್ಯಾನ್ ಬರುತ್ತದೆ. ಮೂರು ಗಂಟೆ ಪ್ರಯಾಣ, ಸಮುದ್ರ, ಮತ್ತೆ ಎರಡು ಗಂಟೆ ಪ್ರಯಾಣ, ಆಮೇಲೆ ಮೂರ್ನಾಲ್ಕು ಗಂಟೆ ಕಮರಿ, ಮತ್ತೆ ವಾಪಸ್ ಮೂರು ಗಂಟೆ. ಹಿಂದಿನ ದಿನ ಬೆಂಗಳೂರಿಂದ ವಿಮಾನ ಬದಲಿಸಿಕೊಂಡು ಬಂದು ನಿದ್ದೆಗೆಟ್ಟವರು ಇದನ್ನು ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಮೊವಾಲ್ಬೋಲ್‌ನಲ್ಲೇ ಹಿಂದಿನ ರಾತ್ರಿ ಉಳಿಯಿರಿ. ಬೆಳಗ್ಗೆ ಸಮುದ್ರ, ತಿಂಡಿ, ಒಂದು ಗಂಟೆ ವಿಶ್ರಾಂತಿ. ಅಲ್ಲಿಂದ ಬಡಿಯಾನ್‌ನ ಕಮರಿ ಒಂದು ಗಂಟೆಯೊಳಗಿನ ದಾರಿ. ಹೀಗಾದರೆ ಒಂದೇ ದಿನ ಎರಡಕ್ಕೂ ನನ್ನ ಒಪ್ಪಿಗೆ ಇದೆ.

ಕಮರಿಯಲ್ಲಿ ಏಟು ಬೀಳೋದು ಹೆಚ್ಚಾಗಿ ಹಾರುವಾಗ ಅಲ್ಲ, ನಡೆಯುವಾಗ. ದೇವರಾಯನದುರ್ಗ, ಮಧುಗಿರಿ ಹತ್ತಿದ್ದೀನಿ ಅಂತ ಹೇಳುವವರೇ ಮೊದಲು ಜಾರುತ್ತಾರೆ. ನಮ್ಮ ಕಡೆ ಒಣಗಿದ ಗ್ರಾನೈಟ್ ಬಂಡೆ, ಉಪ್ಪುಕಾಗದದ ಹಾಗೆ ಕಾಲನ್ನು ಹಿಡಿಯುತ್ತದೆ. ಅಲ್ಲಿ ನೀರು ಸವೆಸಿ ನುಣ್ಣಗೆ ಮಾಡಿದ ಸುಣ್ಣದ ಕಲ್ಲು, ಮೇಲೆ ಪಾಚಿ. ನೀರಿಗೆ ಆ ಹಸಿರು ಮಿಶ್ರಿತ ನೀಲಿ ಬಣ್ಣ ಬಂದಿರೋದೂ ಸುಣ್ಣದ ಕಲ್ಲಿಂದಲೇ. ಚಪ್ಪಲಿ ಬೇಡ. ಹಿಡಿತ ಇರುವ ರಬ್ಬರ್ ಅಡಿಯ, ಹಿಮ್ಮಡಿ ಮುಚ್ಚುವ ಶೂ ಬೇಕು.

ಹಾರಲೇಬೇಕು ಅಂತ ಏನಿಲ್ಲ. ಹೆಚ್ಚಿನ ಕಡೆ ಪಕ್ಕದಲ್ಲಿ ಇಳಿಯೋಕೆ ದಾರಿ ಇರುತ್ತದೆ. ಐದು ಮೀಟರ್ ಎತ್ತರದಿಂದ ಬಿದ್ದರೆ ಗಂಟೆಗೆ ಸುಮಾರು 35 ಕಿಲೋಮೀಟರ್ ವೇಗದಲ್ಲಿ ನೀರಿಗೆ ಬಡಿಯುತ್ತೀರಿ, ಹತ್ತು ಮೀಟರ್‌ನಿಂದ 50. ಬೈಕ್‌ನಲ್ಲಿ ಆ ವೇಗದಲ್ಲಿ ಬಿದ್ದ ಹಾಗೆ ಅಂದುಕೊಳ್ಳಿ. ಕಾಲು ಜೋಡಿಸಿ, ಕೈ ಎದೆಗೆ ಕಟ್ಟಿ, ನೋಟ ನೇರ ಎದುರಿಗೆ. ಕೆಳಗೆ ನೋಡಿದರೆ ಮೈ ಮುಂದಕ್ಕೆ ವಾಲುತ್ತದೆ, ಮುಖ ಬಡಿಯುತ್ತದೆ. ತಲೆ ಕೆಳಗಾಗಿ ಹಾರೋದು ಬೇಡವೇ ಬೇಡ. ಜಲಪಾತದ ಬುಡದಲ್ಲಿ ಬೆಳ್ಳಗೆ ನೊರೆ ಏಳುವ ಕಡೆಗೆ ಹಾರಬೇಡಿ. ನೊರೆಯಲ್ಲಿ ಅರ್ಧ ಗಾಳಿ, ಮೈಯನ್ನು ಎತ್ತುವ ಶಕ್ತಿ ಅದಕ್ಕೆ ಕಮ್ಮಿ. ಚಿಕ್ಕಬಳ್ಳಾಪುರದ ಶ್ರೀನಿವಾಸ ಸಾಗರ ಕೋಡಿ ಬಿದ್ದಾಗ ಜನ ಗೋಡೆ ಕೆಳಗೆ ಹೋಗಿ ನಿಲ್ಲೋದನ್ನು ನೋಡಿದರೆ ನನಗೆ ಹೊಟ್ಟೆ ತೊಳಸುತ್ತದೆ. ಮೇಲಿಂದ ಬೀಳುವ ನೀರು ಬುಡದಲ್ಲಿ ಹಿಂದಕ್ಕೆ ಮಗುಚಿ ಸುತ್ತುತ್ತದೆ, ಒಳಗೆ ಸಿಕ್ಕವರನ್ನು ಬೇಗ ಬಿಡುವುದಿಲ್ಲ.

ಮೇಲೆ ಎಲ್ಲೋ ಮಳೆಯಾದರೆ ಕಮರಿಗೆ ನೀರು ನಿಮಿಷಗಳಲ್ಲಿ ಬರುತ್ತದೆ, ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಬರುತ್ತದೆ. ತಿಳಿನೀರು ರಾಡಿಯಾಯಿತಾ, ಎಲೆ ಕಡ್ಡಿ ತೇಲಿ ಬರ್ತಿದೆಯಾ, ಸದ್ದು ದಪ್ಪ ಆಯಿತಾ, ತಕ್ಷಣ ಮೇಲೆ ಹತ್ತಿ. ಅಲ್ಲಿ ಜೂನ್‌ನಿಂದ ಮಳೆ, ವರ್ಷದ ಕೊನೆಯವರೆಗೂ ಚಂಡಮಾರುತದ ಕಾಟ. 2021ರ ಡಿಸೆಂಬರ್‌ನಲ್ಲಿ ಒಡೆಟ್ ಚಂಡಮಾರುತ ಸೆಬುವನ್ನು ಹೊಡೆದು ಹೋಗಿತ್ತು. ಫೆಬ್ರವರಿಯಿಂದ ಮೇ ಒಳಗೆ ಹೋಗಿ.

ಪ್ರಶ್ನೆ: ನೀರಿಗಿಳಿಯುವ ಮುಂಚೆ ಜೋರಾಗಿ ಇಪ್ಪತ್ತು ಸಲ ಉಸಿರೆಳೆದು ಬಿಟ್ಟರೆ ಜಾಸ್ತಿ ಹೊತ್ತು ಮುಳುಗಿರಬಹುದು ಅಂತ ನಮ್ಮ ಪ್ರಾಣಾಯಾಮದ ಗುರುಗಳು ಹೇಳಿಕೊಟ್ಟಿದ್ದಾರೆ. ಸರಿನಾ? (ಚಿಂತಾಮಣಿ)

ನಿಮ್ಮ ಗುರುಗಳು ನೀರಿಗೆ ಇಳಿದವರಲ್ಲ. ಹಾಗೆ ಉಸಿರಾಡಿದರೆ ಆಮ್ಲಜನಕ ಹೆಚ್ಚೇನೂ ತುಂಬಿಕೊಳ್ಳುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಇಳಿದುಹೋಗುತ್ತದೆ. ಉಸಿರಾಡು ಅಂತ ಮೈ ಕೂಗೋದು ಆ ಇಂಗಾಲದ ಡೈಆಕ್ಸೈಡ್ ಏರಿದಾಗ. ಆ ಕೂಗು ಏಳುವ ಮುಂಚೆಯೇ ಆಮ್ಲಜನಕ ಮುಗಿದು ಎಚ್ಚರ ತಪ್ಪುತ್ತದೆ. ಒದ್ದಾಟ ಇಲ್ಲ, ಸದ್ದಿಲ್ಲ, ಪಕ್ಕದಲ್ಲಿದ್ದವರಿಗೂ ಗೊತ್ತಾಗುವುದಿಲ್ಲ. ಒಳ್ಳೆಯ ಈಜುಗಾರರೇ ಹೀಗೆ ಸಾಯುತ್ತಾರೆ. ಪ್ರಾಣಾಯಾಮ ಚಾಪೆ ಮೇಲೆ ಮಾಡಿ. ಇದನ್ನು ಕಲ್ಯಾಣಿಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದರೆ ಇವತ್ತೇ ನಿಲ್ಲಿಸಿ.

ಪ್ರಶ್ನೆ: ಓಸ್ಲೋಬ್‌ನಲ್ಲಿ ತಿಮಿಂಗಿಲ ಶಾರ್ಕ್ ಗ್ಯಾರಂಟಿ ಕಾಣುತ್ತಂತೆ. ಅಪಾಯ ಇಲ್ವಾ? (ಬಂಗಾರಪೇಟೆ)

ನಿಮಗೆ ಅಪಾಯ ಇಲ್ಲ. ಹೆಸರಲ್ಲಿ ತಿಮಿಂಗಿಲ ಇದ್ದರೂ ಅದು ಮೀನು, ಜಗತ್ತಿನ ಅತಿ ದೊಡ್ಡ ಮೀನು. ನೀರು ಸೋಸಿಕೊಂಡು ಪುಟಾಣಿ ಸೀಗಡಿ, ಮೀನಿನ ಮೊಟ್ಟೆ ತಿನ್ನುವ ಸಾಧು ಪ್ರಾಣಿ. ಅಪಾಯ ಇರೋದು ಅದಕ್ಕೆ. ಗ್ಯಾರಂಟಿ ಕಾಣೋದು ಯಾಕೆ ಗೊತ್ತಾ? 2011ರಿಂದ ಅಲ್ಲಿ ಪ್ರವಾಸಿಗರಿಗೋಸ್ಕರ ದಿನಾ ಬೆಳಗ್ಗೆ ದೋಣಿಯಿಂದ ಸೀಗಡಿ ಹಾಕುತ್ತಾರೆ. ಸಾಗರ ಸುತ್ತಬೇಕಾದ ಮೀನು ತಿಂಗಳುಗಟ್ಟಲೆ ಅಲ್ಲೇ ನಿಲ್ಲುತ್ತದೆ, ದೋಣಿ ಕಂಡರೆ ಊಟ ಅಂತ ಹತ್ತಿರ ಬರುತ್ತದೆ, ದೋಣಿಗೆ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ಬೇರೆ ಕಡೆ ಹೋದಾಗ ಮೋಟಾರ್ ದೋಣಿಯ ಹತ್ತಿರವೂ ಹಾಗೇ ಹೋಗುತ್ತದೆ. 2016ರಿಂದ ಅದು ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿದೆ. ನಮ್ಮ ದೇಶದಲ್ಲಿ 2001ರಿಂದಲೇ ಹುಲಿಗೆ ಇರುವಷ್ಟೇ ಕಾನೂನಿನ ರಕ್ಷಣೆ ಇದಕ್ಕೂ ಇದೆ. ಗುಜರಾತಿನ ಮೀನುಗಾರರು ತಮ್ಮ ಬಲೆಯನ್ನೇ ಕತ್ತರಿಸಿ ಇದನ್ನು ಬಿಟ್ಟುಕಳಿಸುತ್ತಾರೆ. ಹಾಗಿರುವಾಗ ಒಂದು ಫೋಟೋಗೋಸ್ಕರ ಅಲ್ಲಿಗೆ ಹೋಗಿ ಅಂತ ನಾನು ಹೇಳಲಾರೆ. ನೋಡಲೇಬೇಕು ಅಂದರೆ ಅದೇ ದೇಶದ ಡೊನ್ಸೋಲ್‌ಗೆ ಹೋಗಿ, ಅಲ್ಲಿ ಊಟ ಹಾಕುವ ಪದ್ಧತಿ ಇಲ್ಲ. ಕೆಲವು ದಿನ ಕಾಣದೆಯೂ ಹೋಗಬಹುದು.

ಪ್ರಶ್ನೆ: ಬಿಸಿಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಇಳಿಯಬಹುದಾ? (ತಿಪಟೂರು)

ಕೊಬ್ಬರಿ ಊರಿನವರು ನೊಂದುಕೊಳ್ಳಬೇಡಿ, ಎಣ್ಣೆ ಬಿಸಿಲನ್ನು ತಡೆಯುವುದಿಲ್ಲ. ಪೂರ್ತಿ ತೋಳಿನ ಈಜು ಬಟ್ಟೆ ಹಾಕಿ.

ಪ್ರಶ್ನೆ: ಮುಟ್ಟಾಗಿದ್ದರೆ ಶಾರ್ಕ್ ಬರುತ್ತಂತೆ ಹೌದಾ? (ಶಿಡ್ಲಘಟ್ಟ)

ಸುಳ್ಳು. ಕಪ್ ಅಥವಾ ಟ್ಯಾಂಪೂನ್ ಬಳಸಿ ಆರಾಮಾಗಿ ಇಳಿಯಿರಿ.

ಪ್ರಶ್ನೆ: ಜೆಲ್ಲಿಫಿಶ್ ಕುಟುಕಿದರೆ ಮೂತ್ರ ಹಾಕಬೇಕಂತೆ? (ಮುಳಬಾಗಿಲು)

ಬೇಡ. ಉಜ್ಜಲೂಬೇಡಿ. ಕುಡಿಯುವ ನೀರು ಬೇಡ, ಸಮುದ್ರದ ನೀರಲ್ಲೇ ತೊಳೆಯಿರಿ, ವಿನೆಗರ್ ಸುರಿಯಿರಿ. ಉಸಿರಾಟಕ್ಕೆ ತೊಂದರೆ ಅನ್ನಿಸಿದರೆ ಆಸ್ಪತ್ರೆಗೆ ಓಡಿ.

ಪ್ರಶ್ನೆ: ಮಾರನೇ ದಿನ ವಿಮಾನ ಹತ್ತಬಹುದಾ? (ಕುಣಿಗಲ್)

ಸ್ನಾರ್ಕೆಲಿಂಗ್ ಆದ ಮೇಲೆ ಯಾವಾಗ ಬೇಕಾದರೂ ಹತ್ತಿ. ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯೋದು) ಮಾಡಿದ್ದರೆ, ಒಂದೇ ಸಲ ಇಳಿದಿದ್ದರೆ 12 ಗಂಟೆ, ಹೆಚ್ಚು ಸಲ ಆಗಿದ್ದರೆ 18 ಗಂಟೆಯಾದರೂ ಬಿಡಿ.

ಪ್ರಶ್ನೆ: ಇದನ್ನೆಲ್ಲ ನಮ್ಮ ಕರ್ನಾಟಕದಲ್ಲೇ ಮಾಡೋಕಾಗಲ್ವಾ? (ಗುಬ್ಬಿ)

ಸಮುದ್ರಕ್ಕೆ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪ ಇದೆ, ಅಕ್ಟೋಬರ್‌ನಿಂದ ಮೇವರೆಗೆ. ಜಲಪಾತ ತುಂಬಿರುವ ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಹೋಗಲ್ಲ. ಎರಡನ್ನೂ ಒಂದೇ ದಿನಕ್ಕೆ ಸೇರಿಸುವ ಆಸೆ ಬಿಡಿ, ನೇತ್ರಾಣಿಗೇ ಒಂದು ದಿನ ಕೊಡಿ.

ಪ್ರಶ್ನೆ: ಅಮ್ಮನಿಗೆ 62 ವರ್ಷ, ಬಿಪಿ ಮಾತ್ರೆ ತಗೋತಾರೆ. ಅವರಿಗೂ ಬರುವ ಆಸೆ. ಬಿಟ್ಟು ಹೋಗೋಕೆ ಮನಸ್ಸಿಲ್ಲ. (ಗೌರಿಬಿದನೂರು)

ಬಿಟ್ಟು ಹೋಗಬೇಡಿ. ಮೊದಲು ಅವರ ಡಾಕ್ಟರನ್ನು ಕೇಳಿ. ಕತ್ತಿನವರೆಗೆ ನೀರಲ್ಲಿದ್ದಾಗ ಕೈಕಾಲಿನ ರಕ್ತ ಎದೆಯ ಕಡೆ ಒತ್ತಿಕೊಂಡು ಬರುತ್ತದೆ, ಹೃದಯಕ್ಕೆ ಕೆಲಸ ಹೆಚ್ಚಾಗುತ್ತದೆ. ಡಾಕ್ಟರ್ ಸರಿ ಅಂದರೆ ಮೊವಾಲ್ಬೋಲ್‌ನಲ್ಲಿ ಕಾಲಿಗೆ ನೆಲ ಸಿಗುವಷ್ಟು ನೀರಲ್ಲಿ, ಜಾಕೆಟ್ ಹಾಕಿ, ನೀವು ಕೈ ಹಿಡಿದುಕೊಂಡು ಹದಿನೈದು ನಿಮಿಷ ತೋರಿಸಿ. ಆಮೆಗಳು ಅಷ್ಟು ಕಡಿಮೆ ನೀರಿಗೂ ಹುಲ್ಲು ಮೇಯೋಕೆ ಬರುತ್ತವೆ. ಕಂಡರೆ ಮುಟ್ಟಬೇಡಿ, ಅದರ ಮೇಲ್ಗಡೆ ಅಡ್ಡ ನಿಲ್ಲಬೇಡಿ, ಅದಕ್ಕೂ ಉಸಿರಿಗೆ ಮೇಲೆ ಬರಬೇಕಲ್ವಾ. ಕಮರಿ ಮಾತ್ರ ಅಮ್ಮನಿಗೆ ಬೇಡ. ಮುಖ್ಯರಸ್ತೆಯಿಂದ ಕವಾಸಾನ್ ಜಲಪಾತಕ್ಕೆ ಹೊಳೆ ಪಕ್ಕದಲ್ಲೇ ಕಾಲುದಾರಿ ಇದೆ, ಒಂದೂವರೆ ಕಿಲೋಮೀಟರ್ ಆಸುಪಾಸು. ನಿಮ್ಮಲ್ಲಿ ಒಬ್ಬರು ಅವರ ಜೊತೆ ಆ ದಾರಿಯಲ್ಲಿ ನಡೆದು ಹೋಗಲಿ. ಉಳಿದವರು ಮೇಲಿಂದ ಇಳಿದು ಬರೋದು ಅದೇ ಜಲಪಾತಕ್ಕೆ. ಒಣ ಬಟ್ಟೆ, ಟವೆಲ್ ಅಮ್ಮನ ಕೈಲೇ ಕೊಟ್ಟಿರಿ.