ಆಸಿಡ್ ಕುಡಿದ ನಾಲ್ಕು ವಾರಗಳ ಬಳಿಕ ಮುದ್ದೆ ನುಂಗಲಾಗದಿರುವ ಬಗ್ಗೆ

ಮಾನ್ಯರೇ,

ಮಳವಳ್ಳಿಯಲ್ಲಿರುವ ನಿಮ್ಮ ತಮ್ಮ ನೀರೆಂದು ತಿಳಿದು ಶೌಚಾಲಯ ತೊಳೆಯುವ ಆಸಿಡ್ ಕುಡಿದು 4 ವಾರಗಳಾಗಿವೆ, ನೋವು ತಗ್ಗಿದ್ದರೂ ಈಗ ಮುದ್ದೆ ಎದೆಯಲ್ಲೇ ನಿಲ್ಲುತ್ತಿದೆ, ತುಪ್ಪ ಕುಡಿಸುತ್ತಾ ಇನ್ನಷ್ಟು ದಿನ ನೋಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ.

ಸುಟ್ಟ ಅನ್ನನಾಳ ಮಾಯುವಾಗ ಅಲ್ಲಿ ಗಟ್ಟಿಯಾದ ಕಲೆ ಬೆಳೆದು ಕುಗ್ಗುತ್ತದೆ; ಹೀಗೆ ನಾಳ ಕಿರಿದಾಗುವುದು ಸಾಮಾನ್ಯವಾಗಿ 3ರಿಂದ 8 ವಾರಗಳ ನಡುವೆ ತಿಳಿದುಬರುವುದರಿಂದ, ನೋವು ಹೋದ ಮೇಲೆ ನುಂಗಲು ಕಷ್ಟವಾಗುವುದು ಈ ಗಾಯದ ಸ್ವಭಾವವೇ ಆಗಿದೆ. ತುಪ್ಪ ಆ ಕಲೆಯನ್ನು ಸಡಿಲಿಸಲಾರದು. ಆಸಿಡ್ ಜಠರದ ಕೆಳಬಾಯಿಯನ್ನೂ ಕಿರಿದಾಗಿಸಬಲ್ಲದು. ಉಂಡು ಕೆಲವು ಗಂಟೆಗಳಾದ ಮೇಲೆ ತಿಂದದ್ದೆಲ್ಲ ವಾಂತಿಯಾಗುತ್ತಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. (ಅಂದು ನೀವು ವಾಂತಿ ಮಾಡಿಸದೆ ಕರೆದೊಯ್ದದ್ದು ಬಹಳ ಒಳ್ಳೆಯದಾಯಿತು, ವಾಂತಿಯಾಗಿದ್ದರೆ ಅದೇ ಆಸಿಡ್ ಅನ್ನನಾಳವನ್ನು ಮತ್ತೊಮ್ಮೆ ಸುಡುತ್ತಿತ್ತು.)

ಹಳೆಯ ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಒಳಗೆ ನೋಡುವ ಪರೀಕ್ಷೆ) ವರದಿಯೊಡನೆ ಮಂಡ್ಯದ ಮಿಮ್ಸ್‌ನಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಈ ವಾರವೇ ತೋರಿಸಿ. ಬೇರಿಯಂ ಕುಡಿಸಿ ತೆಗೆಯುವ ಎಕ್ಸ್-ರೇಯಲ್ಲಿ ಕಿರಿದಾದ ಭಾಗ ಎಷ್ಟು ಉದ್ದವಿದೆಯೆಂದು ತಿಳಿಯುತ್ತದೆ. ಬಳಿಕ ಎಂಡೋಸ್ಕೋಪಿಯ ಮೂಲಕ ಅದನ್ನು ಸ್ವಲ್ಪಸ್ವಲ್ಪವೇ ಹಿಗ್ಗಿಸುತ್ತಾರೆ. ಒಮ್ಮೆಗೆ ಮುಗಿಯದೆ ಕೆಲವು ವಾರಗಳ ಅಂತರದಲ್ಲಿ ಹಲವು ಬಾರಿ ಮಾಡಬೇಕಾಗಬಹುದಾದ್ದರಿಂದ, ಮಧ್ಯದಲ್ಲಿ ಬಿಡದಂತೆ ತಮ್ಮನಿಗೆ ಧೈರ್ಯ ತುಂಬಿರಿ. ಹಿಗ್ಗಿಸಿದ ನಂತರ ಎದೆನೋವು, ಜ್ವರ ಅಥವಾ ಉಸಿರಾಟದ ತೊಂದರೆ ಕಂಡರೆ, ನಾಳ ತೂತಾಗಿರಬಹುದಾದ್ದರಿಂದ, ಆ ಕ್ಷಣವೇ ಆಸ್ಪತ್ರೆಗೆ ಹಿಂದಿರುಗಿ.

ಅಲ್ಲಿಯವರೆಗೆ, ಅಗಿಯದೆ ನುಂಗುವ ಮುದ್ದೆ ಬೇಡವೇ ಬೇಡ; ತೆಳುವಾದ ರಾಗಿ ಅಂಬಲಿ, ಹಾಲು, ಬೇಳೆಕಟ್ಟನ್ನು ಕೂರಿಸಿ ನಿಧಾನವಾಗಿ ಕುಡಿಸಿ. ಎಂಜಲು ಸಹ ಇಳಿಯದಿದ್ದರೆ ಅದೇ ದಿನ ಹೊರಡಿ.