ಜಠರದ ಆಮ್ಲದಲ್ಲೂ ಎಚ್. ಪೈಲೋರಿ ಸಾಯುವುದಿಲ್ಲವೇಕೆ?

ಮಾಂಸವನ್ನೇ ಕರಗಿಸುವ ಜಠರರಸದಲ್ಲಿ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಹೇಗೆ ಬದುಕುತ್ತದೆ, ಅಲ್ಲಿರುವ ಪ್ರೋಟೀನ್‌ಗಳು ಅದನ್ನು ಏಕೆ ಜೀರ್ಣಿಸಿಕೊಳ್ಳುವುದಿಲ್ಲ ಎಂದು ಕೇಳಿದ್ದೀರಿ. ನಿಮ್ಮ ತಂದೆಯವರಿಗೆ ಅದರ ಸೋಂಕು ಇದೆಯೆಂದು ವರದಿ ಬಂದಿದೆ ಎಂದೂ ಬರೆದಿದ್ದೀರಿ. ನಾನು ಎಂಡೋಸ್ಕೋಪಿ ವಿಭಾಗದಲ್ಲಿ ತಂತ್ರಜ್ಞೆ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ದಿನವೂ ನನ್ನ ಕಣ್ಣೆದುರಿಗೇ ನಡೆಯುತ್ತದೆ.

ಜಠರದಿಂದ ತೆಗೆದ, ಅಕ್ಕಿಕಾಳಿಗಿಂತ ಚಿಕ್ಕ ಚೂರೊಂದನ್ನು ಯೂರಿಯಾ ಬೆರೆಸಿದ ಹಳದಿ ಜೆಲ್‌ನೊಳಗೆ ಒತ್ತಿಡುತ್ತೇವೆ. ಸೋಂಕು ಜೋರಾಗಿದ್ದರೆ ಕೆಲವೇ ನಿಮಿಷಗಳಲ್ಲಿ ಚೂರಿನ ಸುತ್ತ ಗುಲಾಬಿ ಬಣ್ಣ ಹರಡತೊಡಗುತ್ತದೆ. ಅದು ಯೂರಿಯೇಸ್ ಎಂಬ ಪ್ರೋಟೀನಿನ ಕೆಲಸ. ಈ ಬ್ಯಾಕ್ಟೀರಿಯಾ ಅದನ್ನು ಹೇರಳವಾಗಿ ತಯಾರಿಸುತ್ತದೆ. ಜಠರರಸದಲ್ಲಿ ಸಹಜವಾಗಿಯೇ ಇರುವ ಯೂರಿಯಾವನ್ನು ಯೂರಿಯೇಸ್ ಒಡೆದಾಗ ಅಮೋನಿಯಾ ಹುಟ್ಟಿ, ಬ್ಯಾಕ್ಟೀರಿಯಾದ ಮೈಸುತ್ತಲಿನ ಆಮ್ಲವನ್ನು ತಣಿಸುತ್ತದೆ. ಆಮ್ಲ ತಗ್ಗಿದಲ್ಲಿ, ಮಾಂಸವನ್ನು ಜೀರ್ಣಿಸುವ ಜಠರದ ಪ್ರೋಟೀನಾದ ಪೆಪ್ಸಿನ್‌ನ ಆಟವೂ ನಡೆಯುವುದಿಲ್ಲ.

ಆದರೆ ಇಡೀ ಜಠರವನ್ನು ತಣಿಸುವಷ್ಟು ಶಕ್ತಿ ಅದಕ್ಕಿಲ್ಲ. ಹಾಗಾಗಿ ಅದು ರಸದಲ್ಲಿ ನಿಲ್ಲದೆ ಗೋಡೆಗೆ ಅಂಟಿದ ಲೋಳೆಯೊಳಗೆ ನುಗ್ಗುತ್ತದೆ. ಈ ಲೋಳೆಗೆ ಗಟ್ಟಿತನ ಕೊಡುವುದು ಮ್ಯೂಸಿನ್ ಎಂಬ, ಮೈತುಂಬ ಸಕ್ಕರೆಯ ಸರಪಳಿಗಳನ್ನು ಹೊತ್ತ ಪ್ರೋಟೀನ್. ಆಮ್ಲದಲ್ಲಿ ಅದು ಗಂಜಿ ಆರಿ ಹೆಪ್ಪುಗಟ್ಟಿದಂತೆ ಬಿಗಿಯಾಗಿರುತ್ತದೆ. ಆಮ್ಲ ಇಳಿದರೆ ಸಡಿಲವಾಗುತ್ತದೆ. ಅಮೋನಿಯಾದಿಂದ ಲೋಳೆಯನ್ನು ತೆಳುವಾಗಿಸಿಕೊಂಡೇ ಈ ಜೀವಿ ಈಜಿ ಒಳಹೋಗುತ್ತದೆ ಎಂಬುದನ್ನು ಬಾಸ್ಟನ್‌ನ ವಿಜ್ಞಾನಿಗಳು 2009ರಲ್ಲಿ ತೋರಿಸಿದರು. ಬಾಗಿಲು ಒಡೆಯುವುದಿಲ್ಲ, ಬಾಗಿಲನ್ನೇ ನೀರಾಗಿಸುತ್ತದೆ! ಎಷ್ಟು ಸಲ ಓದಿದರೂ ನನಗೆ ಇದು ಬೆರಗೇ.

ಜಠರವೇನೂ ಸುಮ್ಮನೆ ಕುಳಿತಿಲ್ಲ. ಮ್ಯೂಸಿನ್‌ನಲ್ಲೂ ಬಗೆಗಳಿವೆ. ಮೇಲ್ಪದರದ ಮ್ಯೂಸಿನ್‌ನ ಸಕ್ಕರೆಗಳನ್ನು ಹಿಡಿದುಕೊಂಡು ಬ್ಯಾಕ್ಟೀರಿಯಾ ನೆಲೆಯೂರುತ್ತದೆ. ಆಳದ ಗ್ರಂಥಿಗಳು ಸ್ರವಿಸುವ ಮ್ಯೂಸಿನ್‌ನಲ್ಲಾದರೋ ಬೇರೆಯದೇ ಸಕ್ಕರೆಯ ತುದಿ ಇದೆ. ಅದು ಬ್ಯಾಕ್ಟೀರಿಯಾಗೆ ತನ್ನ ಹೊರಗೋಡೆ ಕಟ್ಟಿಕೊಳ್ಳಲು ಬಿಡುವುದಿಲ್ಲ ಎಂದು ಜಪಾನಿನ ಶಿನ್‌ಶು ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದರು. ನಮ್ಮ ದೇಹವೇ ತಯಾರಿಸುವ ಆ್ಯಂಟಿಬಯಾಟಿಕ್ ಅದು. ಸೋಂಕನ್ನು ತಡೆಹಿಡಿಯುತ್ತದೆ, ಆದರೆ ಬೇರುಸಹಿತ ಕೀಳಲು ಸಾಮಾನ್ಯವಾಗಿ ಅದೊಂದೇ ಸಾಲದು. ಅದಕ್ಕೇ ವೈದ್ಯರು ಮಾತ್ರೆಗಳನ್ನು ಬರೆಯುವುದು.

ತಂದೆಯವರ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಆ್ಯಂಟಿಬಯಾಟಿಕ್ ಮುಗಿದು ಕನಿಷ್ಠ ನಾಲ್ಕು ವಾರಗಳಾದ ಮೇಲೆ ಸೋಂಕು ಹೋಗಿದೆಯೇ ಎಂದು ಮರುಪರೀಕ್ಷೆ ಮಾಡಿಸಬೇಕು. ಉಸಿರಿನ ಪರೀಕ್ಷೆ ಅಥವಾ ಮಲಪರೀಕ್ಷೆ ಸಾಕು. ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆಯನ್ನು ಅದಕ್ಕೂ ಎರಡು ವಾರ ಮೊದಲು ನಿಲ್ಲಿಸಬೇಕಾಗುತ್ತದೆ, ವೈದ್ಯರನ್ನು ಕೇಳಿಯೇ. ಒಮ್ಮೆ ಹಿರಿಯರೊಬ್ಬರು ಆ ಮಾತ್ರೆಯನ್ನು ಬೆಳಗ್ಗೆಯೂ ನುಂಗಿದ್ದನ್ನು ಹೇಳದೆ ಎಂಡೋಸ್ಕೋಪಿಗೆ ಬಂದಿದ್ದರು. ಮರುದಿನದವರೆಗೂ ಜೆಲ್ ಸೋಂಕೇ ಇಲ್ಲವೆಂಬಂತೆ ಹಳದಿಯಾಗಿಯೇ ಇತ್ತು. ಅವರದೇ ಇನ್ನೊಂದು ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಗ್ರಂಥಿಗಳ ಬಾಯಲ್ಲಿ ಬ್ಯಾಕ್ಟೀರಿಯಾಗಳು ಸುರುಳಿ ಸುರುಳಿಯಾಗಿ ಕುಳಿತಿದ್ದವು.